ಗುಡಿಯೂ ಮಾಳಿಗೆಯೂ: ಮಳೆ, ಮಣ್ಣು, ಭೂಕಂಪದಿಂದ ಲಕ್ಕುಂಡಿಯನ್ನು ಕಾಯುವುದು ಹೇಗೆ?

ಸರ್ವೇಯಿಂಗ್ ಲ್ಯಾಬಿನಲ್ಲಿ ಕಾಲೇಜು ಗ್ರೌಂಡನ್ನೇ ನಾಲ್ಕು ಸಲ ಅಳೆದು ಬೇಜಾರಾಗಿತ್ತು. ಈ ಸಲ ಕನ್ನಡ ಸಂಘದ ಪ್ರವಾಸಕ್ಕೆ ಹೊರಟಾಗ ಆಟೋ ಲೆವೆಲ್ಲನ್ನೂ ಸ್ಟಾಫನ್ನೂ ಜೊತೆಗೆ ಒಯ್ದೆವು. ಹೋದದ್ದು ಲಕ್ಕುಂಡಿಗೆ. ಗುಡಿ ನೋಡಿದೆವು, ಶಾಸನದ ಮುಂದೆ ನಿಂತು ಹಳಗನ್ನಡ ಓದಲು ಒದ್ದಾಡಿದೆವು, ಮಧ್ಯಾಹ್ನ ರೊಟ್ಟಿ ಊಟ ಮಾಡಿದೆವು. ಆಮೇಲೆ ಒಂದು ಓಣಿಯಲ್ಲಿ ಟ್ರೈಪಾಡ್ ನಿಲ್ಲಿಸಿಕೊಂಡು ರೀಡಿಂಗ್ ತಗೊಳ್ಳತೊಡಗಿದೆವು. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಸುಮಾರು ಹೊತ್ತು ನೋಡಿ ಕೇಳಿದರು:

“ಏನ್ ಅಳಿಯಾಕತ್ತೀರಿ ತಮ್ಮಾ? ರೋಡ್ ಅಗಲ ಮಾಡ್ತಾರೇನು?”

“ಇಲ್ರೀ ಅಜ್ಜಾರ, ಮಳಿ ನೀರು ಯಾವ ಕಡಿ ಹರಿತೈತಿ ಅಂತ ನೋಡಾಕತ್ತೇವ್ರಿ. ಗುಡಿಗೆ ಏನರ ಧಕ್ಕಿ ಆಗತೈತೇನು ಅಂತ.”

ಅಜ್ಜ ನಕ್ಕರು. “ಗುಡಿದೊಂದು ಕಲ್ಲು ಬಿದ್ರ ಪೇಪರ್‌ನ್ಯಾಗ ಬರತೈತಿ. ನಮ್ಮ ಮಾಳಿಗಿ ಬಿದ್ರ ಯಾರಿಗೆ ಗೊತ್ತಾಗತೈತಿ?”

ನಾವು ಬರೆಯಬೇಕು ಅಂದುಕೊಂಡಿದ್ದು ಗುಡಿಯ ಬಗ್ಗೆ ಮಾತ್ರ. ಅಜ್ಜನ ಈ ಮಾತು ಕೇಳಿದ ಮೇಲೆ ಮಾಳಿಗೆಯನ್ನು ಬಿಟ್ಟು ಬರೆಯಲು ಆಗಲಿಲ್ಲ. ಹಳೆಯ ಊರೊಂದನ್ನು ನೈಸರ್ಗಿಕ ವಿಕೋಪದಿಂದ ಕಾಯುವುದೆಂದರೆ ಏನು ಎಂಬ ಪಾಠವನ್ನು ಲಕ್ಕುಂಡಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ಕಲಿಯೋಣ. ಲೆಕ್ಕಗಳೂ ಇವೆ. ಎಲ್ಲವೂ ನಮ್ಮ ಮೂರನೇ, ನಾಲ್ಕನೇ ಸೆಮಿಸ್ಟರಿನ ಮಟ್ಟದವು, ಹೆದರಬೇಕಾಗಿಲ್ಲ.

ಊರು ಯಾವುದು, ಏನಿದೆ?

ಗದಗದಿಂದ ಕೊಪ್ಪಳದ ಕಡೆ ಹೋಗುವ ಹೆದ್ದಾರಿಯಲ್ಲಿ ಹನ್ನೊಂದು–ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ಇಲ್ಲಿ ಟಂಕಸಾಲೆ ಇತ್ತು, ‘ಲೊಕ್ಕಿ ಗದ್ಯಾಣ’ ಎಂಬ ನಾಣ್ಯಕ್ಕೆ ಹೆಸರು ಬಂದದ್ದೇ ಈ ಊರಿನಿಂದ. ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ್ದು 1007ರಲ್ಲಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳ 1192ರ ಸುಮಾರಿಗೆ ಇದನ್ನು ಕೆಲಕಾಲ ರಾಜಧಾನಿ ಮಾಡಿಕೊಂಡಿದ್ದ. ಕಾಶಿ ವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರ, ವಿರೂಪಾಕ್ಷ, ಕುಂಬಾರೇಶ್ವರ ಹೀಗೆ ಗುಡಿಗಳ ಸಾಲೇ ಇದೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರ ಮಾತು. ಮುಸುಕಿನ ಬಾವಿ, ಕನ್ನೆ ಬಾವಿ, ಛಬ್ಬೇರ ಬಾವಿಗಳನ್ನು ನೋಡಿದವರು ಮರೆಯುವುದಿಲ್ಲ.

ಲಕ್ಕುಂಡಿ ಹಂಪಿಯ ಹಾಗೆ ಬಯಲಲ್ಲಿ ಹರಡಿಕೊಂಡ ಅವಶೇಷವಲ್ಲ, ಜನ ಇರುವ ಊರು. ಗುಡಿಯ ಗೋಡೆಗೂ ಮನೆಯ ಗೋಡೆಗೂ ನಡುವೆ ಕೆಲವು ಕಡೆ ಒಂದು ಓಣಿ ಮಾತ್ರ. ಗುಡಿ ಪಕ್ಕದಲ್ಲೇ ಎಮ್ಮೆ ಕಟ್ಟುತ್ತಾರೆ, ಬಣವಿ ಒಟ್ಟುತ್ತಾರೆ, ಸಂಜೆ ಕಟ್ಟೆಗೆ ಬಂದು ಕೂರುತ್ತಾರೆ. ಹಾಗಾಗಿ ಇಲ್ಲಿ ‘ಸ್ಮಾರಕ ರಕ್ಷಣೆ’ ಮತ್ತು ‘ಊರಿನ ರಕ್ಷಣೆ’ ಅಂತ ಎರಡು ಬೇರೆ ಫೈಲ್ ಮಾಡಲು ಬರುವುದಿಲ್ಲ. ಒಂದೇ ಮಳೆ ಎರಡರ ಮೇಲೂ ಬೀಳುತ್ತದೆ.

ಮೊದಲು ಒಂದು ಸೂತ್ರ

ವಿಕೋಪ ನಿರ್ವಹಣೆಯ ಪಾಠ ಶುರುವಾಗುವುದೇ ಈ ಸೂತ್ರದಿಂದ:

ನಷ್ಟದ ಸಂಭವ = ವಿಕೋಪ × ಅದರ ದಾರಿಯಲ್ಲಿ ಇರುವುದು × ಅದರ ದೌರ್ಬಲ್ಯ

ಮಳೆ, ಭೂಕಂಪ, ಸಿಡಿಲು ವಿಕೋಪಗಳು. ಗುಡಿ, ಮನೆ, ಜನ ಇವು ಅದರ ದಾರಿಯಲ್ಲಿ ಇರುವವು. ಬಿರುಕು ಬಿಟ್ಟ ತೊಲೆ, ತುಂಬಿದ ಚರಂಡಿ, ಭಾರವಾದ ಮಣ್ಣಿನ ಸೂರು ಇವು ದೌರ್ಬಲ್ಯ. ಮೊದಲನೆಯದನ್ನು ನಾವು ತಡೆಯಲಾರೆವು. ಎರಡನೆಯದನ್ನು ಎತ್ತಿ ಬೇರೆ ಕಡೆ ಇಡಲಾಗದು, ಸಾವಿರ ವರ್ಷದ ಗುಡಿಗೆ ಎಲ್ಲಿಗೆ ಹೋಗು ಅನ್ನೋಣ? ಇಂಜಿನಿಯರ್ ಕೈಗೆ ಸಿಗುವುದು ಮೂರನೆಯದು ಮಾತ್ರ. ಮೂರರ ಗುಣಾಕಾರ ಆಗಿರುವುದರಿಂದ, ಅದೊಂದನ್ನು ಅರ್ಧ ಮಾಡಿದರೂ ಒಟ್ಟು ಅರ್ಧಕ್ಕೆ ಇಳಿಯುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಹೊಕ್ಕಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. 2024ರ ಮೇ ತಿಂಗಳ ಮಳೆಗೆ ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಲಕ್ಕುಂಡಿಯ ಪಕ್ಕ ದೊಡ್ಡ ಹೊಳೆ ಇಲ್ಲ, ಹಾಗಾದರೆ ಇಲ್ಲಿ ಏನು ಭಯ ಅಂತ ನಿಮಗೆ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಆದರೆ ಹಂಪಿಯ ಸಾಲುಮಂಟಪ ಬಿದ್ದದ್ದು ಹೊಳೆ ಬಂದು ಅಲ್ಲ, ಮಳೆಗೆ.

ಒಂದು ತಾಸಿನ ಮಳೆಯ ಲೆಕ್ಕ

ಗದಗ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಆಸುಪಾಸಿನ ಮಳೆ. ಮಲೆನಾಡಿನವರು ಕೇಳಿದರೆ ನಗುತ್ತಾರೆ. ಆದರೆ ಈ ಮಳೆ ಸಮನಾಗಿ ಬರುವುದಿಲ್ಲ. ಬೇಸಿಗೆ ಕೊನೆಗೆ ಗುಡುಗು ಸಿಡಿಲಿನ ಜೊತೆ ಒಮ್ಮೆ, ಆಮೇಲೆ ಹುಬ್ಬಿ, ಉತ್ತರಿ, ಚಿತ್ತಿ ಮಳೆಗಳಲ್ಲಿ ಒಮ್ಮೊಮ್ಮೆ ಒಂದೇ ಸಂಜೆಗೆ ಸುರಿದು ಬಿಡುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಆದದ್ದು ಇದೇ. ಬರದ ನಾಡು ಅನ್ನಿಸಿಕೊಂಡ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ಕುಸಿದವು.

ಒಂದು ತಾಸಿಗೆ 50 ಮಿ.ಮೀ. ಮಳೆ ಬಂತು ಅಂತ ಇಟ್ಟುಕೊಳ್ಳಿ. ಗುಡಿಯೊಂದರ ಸುತ್ತಲಿನ ಒಂದು ಹೆಕ್ಟೇರ್ ಜಾಗ, ಅಂದರೆ ಸೂರು, ಓಣಿ, ಅಂಗಳ ಎಲ್ಲಾ ಸೇರಿ 10,000 ಚದರ ಮೀಟರ್. ಕಾಂಕ್ರೀಟ್, ಕಲ್ಲುಹಾಸು ಜಾಸ್ತಿ ಇರುವುದರಿಂದ ಬಿದ್ದ ನೀರಿನಲ್ಲಿ ಶೇಕಡಾ 80 ಹರಿದು ಹೋಗುತ್ತದೆ ಅನ್ನೋಣ. ಹೈಡ್ರಾಲಜಿಯಲ್ಲಿ ಕಲಿತ ರ‍್ಯಾಷನಲ್ ಫಾರ್ಮುಲಾ ಹಾಕಿ:

ಹರಿವು = 0.8 × 0.05 ಮೀ. × 10,000 ಚ.ಮೀ. ÷ 3600 ಸೆಕೆಂಡ್ = 0.11 ಘನ ಮೀಟರ್

ಸೆಕೆಂಡಿಗೆ ಸುಮಾರು 110 ಲೀಟರ್. 40 ಸೆಂ.ಮೀ. ಅಗಲ, 40 ಸೆಂ.ಮೀ. ಆಳದ ಚರಂಡಿಯಲ್ಲಿ ನೀರು ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ ಹರಿದರೆ ಅದು ಹೊರುವುದೂ ಇಷ್ಟೇ: 0.4 × 0.4 × 0.7 = 0.112. ಅಂದರೆ ಚರಂಡಿ ಖಾಲಿ ಇದ್ದರೆ ಹೆಂಗೋ ಪಾರು. ಅರ್ಧ ಹೂಳು, ಪ್ಲಾಸ್ಟಿಕ್ ತುಂಬಿದ್ದರೆ ಸೆಕೆಂಡಿಗೆ 50 ಲೀಟರಿಗಿಂತ ಹೆಚ್ಚು ನೀರು ಹೊರಗೆ ಉಕ್ಕುತ್ತದೆ. ಅದು ಹೋಗುವುದು ತಗ್ಗಿಗೆ.

ತಗ್ಗು ಯಾವುದು? ನಮ್ಮ ಆಟೋ ಲೆವೆಲ್ ಉತ್ತರ ಕೊಟ್ಟಿತು. ನಾವು ಅಳೆದ ಓಣಿಯಲ್ಲಿ ಕಾಂಕ್ರೀಟ್ ರಸ್ತೆ ಅಜ್ಜನ ಮನೆಯ ಹೊಸ್ತಿಲಿಗಿಂತ ಒಂದು ಗೇಣು ಮೇಲಿತ್ತು. “ಮೊದಲ ಹತ್ತಿ ಹೋಗತಿದ್ವಿ, ಈಗ ಇಳದ ಹೋಗತೇವಿ” ಅಂದರು ಅಜ್ಜ. ಹಳೆಯ ಊರುಗಳಲ್ಲೆಲ್ಲ ಇದೇ ಕತೆ. ಹಳೆಯ ರಸ್ತೆ ಕೀಳದೆ ಅದರ ಮೇಲೇ ಹೊಸದು ಹಾಕುತ್ತ ಹೋದರೆ ಓಣಿ ಏರುತ್ತದೆ, ಗುಡಿ ಮತ್ತು ಹಳೆಯ ಮನೆಗಳು ಬಟ್ಟಲಿನ ತಳದಲ್ಲಿ ಉಳಿಯುತ್ತವೆ. ಇದು ನಿಸರ್ಗ ಮಾಡಿದ್ದಲ್ಲ. ಆದರೆ ಮಳೆ ಬಂದಾಗ ಪೆಟ್ಟು ಕೊಡುವುದು ಇದೇ.

ಪರಿಹಾರಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಹೊಸ ರಸ್ತೆ ಹಾಕುವ ಮುನ್ನ ಹಳೆಯದನ್ನು ಕಿತ್ತು ಮಟ್ಟ ಕಾಯ್ದುಕೊಳ್ಳಬೇಕು. ಪ್ರತಿ ಓಣಿಯ ಲೆವೆಲ್ ಬರೆದಿಟ್ಟ ಒಂದು ನಕ್ಷೆ ಪಂಚಾಯಿತಿಯಲ್ಲಿ ಇರಬೇಕು. ರೋಹಿಣಿ ಮಳೆ ಹಿಡಿಯುವ ಮೊದಲು ಚರಂಡಿ ಹೂಳು ತೆಗೆಯಬೇಕು.

ಕಾಲ ಕೆಳಗಿನ ಎರೆ ಮಣ್ಣು

ಲಕ್ಕುಂಡಿ ಸುತ್ತ ನೋಡಿದರೆ ಎರೆ ಹೊಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ, ಮಳೆಗೆ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು. ಒಕ್ಕಲುತನಕ್ಕೆ ಬಂಗಾರ, ಅಡಿಪಾಯಕ್ಕೆ ತಲೆನೋವು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಇದನ್ನು ಲ್ಯಾಬಿನಲ್ಲಿ ನೋಡುವುದು ಬಹಳ ಸುಲಭ. ಐಎಸ್ 2720ರ ನಲವತ್ತನೇ ಭಾಗದ ಫ್ರೀ ಸ್ವೆಲ್ ಪರೀಕ್ಷೆ ಅದು. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂ ಒಂದು ಅಳತೆಗೊಳವೆಯಲ್ಲಿ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ 24 ತಾಸು ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 11 ಮಿ.ಲೀ., ನೀರಿನಲ್ಲಿ 20 ಮಿ.ಲೀ. ಬಂತು ಅಂದರೆ ಉಬ್ಬರದ ಸೂಚ್ಯಂಕ (20 − 11) ÷ 11, ಅಂದರೆ ಶೇಕಡಾ 82. ಐವತ್ತು ದಾಟಿದರೆ ಅಡಿಪಾಯ ಹಾಕುವವರು ಎಚ್ಚರವಾಗಬೇಕು.

ಗುಡಿಗೆ ಇದರಿಂದ ಏನಾಗುತ್ತದೆ? ಅಗಲವಾದ ಅಧಿಷ್ಠಾನದ ನಡುಭಾಗದ ಅಡಿಯಲ್ಲಿ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅಂಚಿನಲ್ಲಿ ಮಾತ್ರ ಮಳೆಗಾಲಕ್ಕೆ ಉಬ್ಬರ, ಬೇಸಿಗೆಗೆ ಕುಗ್ಗು. ನಡುವೆ ಸ್ಥಿರ, ಅಂಚು ಏರಿಳಿತ ಅಂದರೆ ಹೊರಗೋಡೆ ನಿಧಾನಕ್ಕೆ ವಾಲುತ್ತದೆ, ಕಲ್ಲಿನ ಸಂದು ಬಾಯಿ ಬಿಡುತ್ತದೆ. ಕಂಬಗಳು ಸಮನಾಗಿ ಇಳಿಯದಿದ್ದರೆ ಮೇಲಿನ ತೊಲೆಗೆ ಬಾಗುವ ಒತ್ತಡ ಬರುತ್ತದೆ. ಕಲ್ಲು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯದು. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ಹಾಕುವುದೂ ಇದಕ್ಕೇ. ಸರಳಿಲ್ಲದ ಕಲ್ಲಿನ ತೊಲೆಯ ಅಡಿಮೈಯಲ್ಲಿ ಮೊದಲ ಬಿರುಕು ಕಾಣಿಸುತ್ತದೆ.

ಎಲ್ಲ ಗುಡಿಯೂ ಎರೆ ಮಣ್ಣಿನ ಮೇಲೇ ಕೂತಿದೆ ಅಂತಲ್ಲ. ಅಡಿಪಾಯ ಎಷ್ಟು ಆಳಕ್ಕೆ ಇಳಿದಿದೆ, ಕೆಳಗೆ ಗರಸು ಇದೆಯೋ ಎರೆ ಇದೆಯೋ, ತುಂಬಿದ ಮಣ್ಣೋ ಎಂಬುದನ್ನು ಪ್ರತಿ ಗುಡಿಗೂ ಬೇರೆಯಾಗಿ ನೋಡಬೇಕು. ಆದರೆ ಒಂದು ನಿಯಮ ಎಲ್ಲಕ್ಕೂ ಹೊಂದುತ್ತದೆ: ಬುಡದ ತೇವ ವರ್ಷವಿಡೀ ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು. ಗೋಡೆಯ ಬುಡದಲ್ಲಿ ದೊಡ್ಡ ಮರ ಬೆಳೆಯಲು ಬಿಡಬಾರದು, ಅದು ಬೇಸಿಗೆಯಲ್ಲಿ ತೇವ ಹೀರಿ ಮಣ್ಣನ್ನು ಇನ್ನೂ ಕುಗ್ಗಿಸುತ್ತದೆ. ಸ್ಮಾರಕಗಳ ಬುಡಕ್ಕೇ ಹುಲ್ಲುಹಾಸು ಮಾಡಿ ದಿನಾ ಪೈಪು ಬಿಡುವ ಅಭ್ಯಾಸ ನೋಡಲು ಚೆಂದ, ಎರೆ ಮಣ್ಣಿನಲ್ಲಿ ಅದೂ ಅಪಾಯವೇ.

ಬಾವಿ ತೊಳೆಯುವಾಗ ಆಗುವ ತಪ್ಪು

ಲಕ್ಕುಂಡಿಯ ಮೆಟ್ಟಿಲು ಬಾವಿಗಳನ್ನು ನಾವು ಶಿಲ್ಪಕಲೆ ಅಂತ ನೋಡುತ್ತೇವೆ. ಮಾಣಿಕೇಶ್ವರ ಗುಡಿಯ ಒಂದು ಭಾಗ ಮುಸುಕಿನ ಬಾವಿಯ ಕಡೆ ಸೇತುವೆಯ ಹಾಗೆ ಚಾಚಿಕೊಂಡಿದೆ. ಬಾವಿಯ ಗೋಡೆಯೊಳಗೆ ಪುಟ್ಟ ಪುಟ್ಟ ಗೂಡುಗುಡಿಗಳಿವೆ. ಆದರೆ ಇಂಜಿನಿಯರ್ ಕಣ್ಣಿಗೆ ಬಾವಿ ಎರಡು ಕೆಲಸ ಮಾಡುತ್ತದೆ. ಮಳೆ ನೀರಿಗೆ ಅದು ತೊಟ್ಟಿ, ಸುತ್ತಲಿನ ಮಣ್ಣಿಗೆ ಅದು ತಡೆಗೋಡೆ.

ತೊಟ್ಟಿಯ ಲೆಕ್ಕ ಮೊದಲು. ಮೇಲೆ ಹೇಳಿದ ಒಂದು ಹೆಕ್ಟೇರಿನಲ್ಲಿ ಒಂದು ತಾಸಿನ ಮಳೆಗೆ ಹರಿಯುವ ನೀರು 400 ಘನ ಮೀಟರ್. 15 ಮೀ. ಉದ್ದ, 10 ಮೀ. ಅಗಲದ ಬಾವಿಯಲ್ಲಿ ನೀರು 3 ಮೀಟರ್ ಏರಿದರೆ 450 ಘನ ಮೀಟರ್. ಅಂದರೆ ಇಂಥ ಒಂದು ಬಾವಿ ಒಂದು ಓಣಿಯ ಇಡೀ ತಾಸಿನ ಮಳೆಯನ್ನು ನುಂಗಬಲ್ಲದು. ಊರಿನ ಬಾವಿಗಳನ್ನು ಕಸ ಹಾಕಿ ಮುಚ್ಚುತ್ತ ಹೋದರೆ ಆ ನೀರು ಎಲ್ಲಿಗೆ ಹೋಗಬೇಕು? ಇಲ್ಲಿ ಒಂದು ಮಾತು ನೆನಪಿರಲಿ: ಓಣಿಯ ಕೊಳೆ ನೀರು ನೇರ ಬಾವಿಗೆ ಬಿಡುವಂತಿಲ್ಲ. ಹೂಳು ಇಳಿಯುವ ಗುಂಡಿ, ಜಲ್ಲಿ–ಮರಳಿನ ಸೋಸು ದಾಟಿಸಿಯೇ ಬಿಡಬೇಕು.

ಎರಡನೆಯದು ತಡೆಗೋಡೆ. ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ ಇಲ್ಲಿದೆ. ಬಾವಿ ತುಂಬಿದ್ದಾಗ ಒಳಗಿನ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತದೆ, ಹೊರಗಿನ ಮಣ್ಣಿನಲ್ಲಿರುವ ನೀರು ಒಳಕ್ಕೆ ಒತ್ತುತ್ತದೆ. ಎರಡೂ ಸಮ. ಈಗ ಉತ್ಸಾಹಿ ಯುವಕರು ಬಂದು ದೊಡ್ಡ ಪಂಪು ಹಚ್ಚಿ ಒಂದೇ ರಾತ್ರಿಗೆ ಬಾವಿ ಖಾಲಿ ಮಾಡಿದರು ಅನ್ನಿ. ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಗೋಡೆಯ ಸಂದುಗಳು ಹೂಳಿನಿಂದ ಮುಚ್ಚಿದ್ದರೆ ಇನ್ನೂ ತಡ. ಹೊರಗಿನ ನೀರು 6 ಮೀಟರ್ ಎತ್ತರಕ್ಕೆ ಹಾಗೇ ನಿಂತಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒತ್ತು:

½ × 9.81 × 6 × 6 = 177 ಕಿಲೋನ್ಯೂಟನ್

ಸುಮಾರು 18 ಟನ್, ಮಣ್ಣಿನ ಒತ್ತು ಬೇರೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ ಒಳಕ್ಕೆ ಉಬ್ಬಿ ಕುಸಿಯಲು ಇಷ್ಟು ಸಾಕು. ಜಿಯೊಟೆಕ್ನಿಕಲ್‌ನಲ್ಲಿ ಅಣೆಕಟ್ಟಿನ ಇಳಿಜಾರಿಗೆ ಓದುವ ‘ರ‍್ಯಾಪಿಡ್ ಡ್ರಾಡೌನ್’ ಇದೇ. ಹಾಗಾಗಿ ಬಾವಿ ತೊಳೆಯಬೇಕಾದರೆ ಬೇಸಿಗೆಯ ಕೊನೆಗೆ, ನೀರು ತಾನಾಗಿ ಕೆಳಗಿಳಿದಾಗ, ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತ, ಗೋಡೆಯ ಮೇಲೆ ಕಣ್ಣಿಟ್ಟು ಮಾಡಬೇಕು. ಜೆಸಿಬಿಯನ್ನು ಬಾವಿಯ ಅಂಚಿಗೆ ತರಲೇಬಾರದು. ಅದರ ತೂಕವೂ ಗೋಡೆಯ ಬೆನ್ನಿಗೇ ಬೀಳುತ್ತದೆ. ಸಂರಕ್ಷಿತ ಬಾವಿಯಾದರೆ ಪುರಾತತ್ವ ಇಲಾಖೆಯವರಿಲ್ಲದೆ ಒಂದು ಕಲ್ಲೂ ಮುಟ್ಟುವಂತಿಲ್ಲ.

ಕಲ್ಲು, ಬೇರು, ಸಿಡಿಲು, ಬೆಂಕಿ

ಲಕ್ಕುಂಡಿಯ ಗುಡಿಗಳ ಕಲ್ಲು ನಾವು ಬಳಪದ ಕಲ್ಲು ಅನ್ನುವ ಜಾತಿಯದು, ಕ್ಲೋರೈಟ್ ಷಿಸ್ಟ್. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿಗಿಂತ ನುಣುಪು, ಮೆದು. ಉಳಿ ಹೇಳಿದಂತೆ ಕೇಳುತ್ತದೆ. ಕಾಶಿ ವಿಶ್ವೇಶ್ವರದ ಬಾಗಿಲುವಾಡದ ಮೇಲೆ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಅದರಿಂದಲೇ. ಆದರೆ ಈ ಕಲ್ಲು ಪದರ ಪದರವಾಗಿ ಕೂಡಿರುತ್ತದೆ. ನೆಲದ ತೇವ ಗೋಡೆ ಹತ್ತಿ ಮೇಲೇರಿ, ಜೊತೆಗೆ ತಂದ ಉಪ್ಪು ಕಲ್ಲಿನೊಳಗೆ ಹರಳುಗಟ್ಟಿದರೆ ಮೇಲಿನ ಪದರ ಪೊರೆಯ ಹಾಗೆ ಏಳುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ತೇವ ಹೊರಗೆ ಹೋಗುವ ದಾರಿ ಮುಚ್ಚಿ ಹಾನಿ ಹೆಚ್ಚುತ್ತದೆ, ಸಿಮೆಂಟಿನ ಉಪ್ಪೂ ಸೇರಿಕೊಳ್ಳುತ್ತದೆ. ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯೇ ಸರಿ ಅನ್ನುವುದು ಇದಕ್ಕೆ.

ಹಕ್ಕಿ ಉದುರಿಸಿದ ಅರಳಿ ಬೀಜ ಶಿಖರದ ಸಂದಿನಲ್ಲಿ ಮೊಳೆತರೆ ಮೊದಲ ವರ್ಷ ಕೈಯಲ್ಲಿ ಕೀಳಬಹುದು. ಐದು ವರ್ಷ ಬಿಟ್ಟರೆ ಬೇರು ಕಲ್ಲನ್ನು ಎತ್ತುತ್ತದೆ. ಆಗ ಎಳೆದರೆ ಗಿಡದ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಸಂದು ತುಂಬಬೇಕು. ಸಿಡಿಲಿಗೆ ಬಯಲು ಸೀಮೆಯ ಎತ್ತರದ ಶಿಖರ ಸುಲಭದ ಗುರಿ. ಮಿಂಚುವಾಹಕ ಹಾಕಿದರೆ ಸಾಲದು, ಅದರ ನೆಲಸಂಪರ್ಕದ ಪ್ರತಿರೋಧವನ್ನು ವರ್ಷಕ್ಕೊಮ್ಮೆ ಅಳೆಯಬೇಕು. ಎಲೆಕ್ಟ್ರಿಕಲ್‌ನವರಿಗೆ ಇದು ಅರ್ಧ ದಿನದ ಕೆಲಸ. ಇನ್ನು ಬಣವಿಗೆ ಬೆಂಕಿ ಬಿದ್ದರೆ ಕಲ್ಲು ಸುಡುವುದಿಲ್ಲ ಅಂತ ಅಂದುಕೊಳ್ಳಬೇಡಿ. ಕಾದ ಕಲ್ಲು ಚಕ್ಕೆ ಏಳುತ್ತದೆ, ಅದರ ಮೇಲೆ ತಣ್ಣೀರು ಸುರಿದರೆ ಸೀಳುತ್ತದೆ. ಬಣವಿಯನ್ನು ಗುಡಿಯಿಂದಲೂ ಮನೆಯಿಂದಲೂ ದೂರ ಒಟ್ಟುವುದೊಂದೇ ಖರ್ಚಿಲ್ಲದ ಉಪಾಯ.

ನಮ್ಮಲ್ಲಿ ಭೂಕಂಪ ಆಗಲ್ಲ ಅನ್ನುವವರಿಗೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಪ್ರಮಾಣ 6.2. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ನಿದ್ದೆಯಲ್ಲಿದ್ದ ಸಾವಿರಾರು ಜನ ಸತ್ತರು. 2002ರಲ್ಲಿ ನಕ್ಷೆ ಬದಲಾಗಿ ಒಂದನೇ ವಲಯವೇ ಇಲ್ಲವಾಯಿತು. ಐಎಸ್ 1893ರ 2016ರ ಆವೃತ್ತಿಯ ಊರುಗಳ ಪಟ್ಟಿಯಲ್ಲಿ ಧಾರವಾಡ ಮೂರನೇ ವಲಯ, ಬಳ್ಳಾರಿ ಎರಡನೇ ವಲಯ. ಲಕ್ಕುಂಡಿ ಈ ಎರಡರ ನಡುವೆ ಬರುತ್ತದೆ. ಬಳ್ಳಾರಿ ಕೂಡ 1843ರಲ್ಲಿ ಭೂಕಂಪ ಕಂಡ ಊರು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮನೆಯ ಸೂರು ಮತ್ತು ಗೋಡೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಹಳೆಯ ಮನೆಗಳಿಗೂ ಅವಕ್ಕೂ ನೆಂಟಸ್ತನ ಇದೆ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಸೋರಬಾರದೆಂದು ಆಗಾಗ ಮೇಲೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವುದಿಲ್ಲ. ಅಲ್ಲೂ ರಸ್ತೆಯದೇ ಕತೆ!

ಲೆಕ್ಕ ಹಾಕೋಣ. 3 × 4 ಮೀಟರಿನ ಒಂದು ಖೋಲಿ, ಮೇಲೆ ಅರ್ಧ ಮೀಟರ್ ಮಣ್ಣು. ಗಾತ್ರ 6 ಘನ ಮೀಟರ್, ಒಂದಕ್ಕೆ 1.8 ಟನ್ ಹಿಡಿದರೆ 10.8 ಟನ್. ಮಳೆಗೆ ಪೂರ್ತಿ ತೊಯ್ದರೆ 12 ಟನ್ ಆದೀತು. ಅದೇ ಖೋಲಿಗೆ 12.5 ಸೆಂ.ಮೀ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೂ ತೂಕ 3.75 ಟನ್ನೇ. ಈಗ ಭೂಕಂಪದ ಅಡ್ಡಬಲ. ಬಲಪಡಿಸದ ಗೋಡೆಯ ಕಟ್ಟಡಕ್ಕೆ ಸಂಹಿತೆಯ ಸೂತ್ರದ ಪ್ರಕಾರ ಎರಡನೇ ವಲಯದಲ್ಲಿ ತೂಕದ ಶೇಕಡಾ 8ರಷ್ಟು, ಮೂರನೇ ವಲಯದಲ್ಲಿ ಶೇಕಡಾ 13ರಷ್ಟು ಬರುತ್ತದೆ. ಒಣ ಮಾಳಿಗೆಯೊಂದರಿಂದಲೇ ಸುಮಾರು 0.9 ಅಥವಾ 1.4 ಟನ್ ಅಡ್ಡಕ್ಕೆ ಎಳೆದಂತೆ. ಗೋಡೆಯ ಸ್ವಂತ ತೂಕದ ಪಾಲು ಇದರ ಮೇಲೆ. ಮಣ್ಣಿನಲ್ಲಿ ಕಟ್ಟಿದ ಗೋಡೆಯ ಒಳಮೈ ಒಂದು ಕಡೆ, ಹೊರಮೈ ಒಂದು ಕಡೆ ಬಿಚ್ಚಿಕೊಳ್ಳುತ್ತದೆ, ಮಾಳಿಗೆ ನೇರ ಕೆಳಕ್ಕೆ.

ಹಾಗಂತ ಹಳೆಯ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿಬಿಡುವುದೂ ಮದ್ದಲ್ಲ. ಗೋಡೆ ಬಿಗಿಯಾಗದೆ ಸ್ಲ್ಯಾಬ್ ಹಾಕಿದರೆ ಅದು ಇಡಿಯಾಗಿ ತಲೆ ಮೇಲೆ ಬೀಳುತ್ತದೆ. ಐಎಸ್ 13828 ಮತ್ತು 13935 ಹೇಳುವುದು ಸರಳ ಕ್ರಮ: ಹೆಚ್ಚುವರಿ ಮಣ್ಣನ್ನು ಇಳಿಸಿ ಸೂರು ಹಗುರ ಮಾಡಿ, ಗೋಡೆಯ ಎರಡೂ ಮೈ ಹಿಡಿಯುವ ಉದ್ದ ಕಲ್ಲು ಅಥವಾ ಕಾಂಕ್ರೀಟ್ ಕೊಂಡಿ ಸೇರಿಸಿ, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆ ಸುತ್ತ ಪಟ್ಟಿ ಕಟ್ಟಿ. ಮಾಳಿಗೆಯ ಮಣ್ಣು ಅರ್ಧಕ್ಕೆ ಇಳಿಸಿ ನಡುವೆ ನೀರು ತಡೆಯುವ ಹಾಳೆ ಹಾಕಿದರೂ ಐದು ಟನ್ ಕಮ್ಮಿ, ಸೋರುವುದೂ ಕಮ್ಮಿ.

ಗುಡಿಯ ಕತೆ ಬೇರೆ. ಅದು ನಿಂತಿರುವುದು ತೂಕ ಮತ್ತು ಘರ್ಷಣೆಯಿಂದ. ಸಣ್ಣ ಕಂಪನಕ್ಕೆ ಕಲ್ಲುಗಳು ತುಸು ಜರುಗಿ ಶಕ್ತಿ ಕಳೆಯುತ್ತವೆ. ಆದರೆ ವಾಲಿದ ಕಂಬ, ಸೀಳಿದ ತೊಲೆ, ಬೇರು ಎತ್ತಿದ ಶಿಖರ ಮೊದಲೇ ಇದ್ದರೆ ಆ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಮಾಡಬೇಕಾದ ದುರಸ್ತಿಯೇ ಭೂಕಂಪದ ತಯಾರಿಯೂ ಹೌದು.

ಕಾಠ್ಮಂಡುವಿನ ಒಂದು ಕಂಬ

ದುರಸ್ತಿ ಅಂದಾಕ್ಷಣ ಒಳ್ಳೆಯದೇ ಆಗುತ್ತದೆ ಅಂತಲೂ ಇಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಠ್ಮಂಡುವಿನ ಕಾಷ್ಠಮಂಡಪ ನೆಲಕ್ಕುರುಳಿತು. ಆ ಊರಿಗೆ ಹೆಸರು ಕೊಟ್ಟದ್ದೇ ಆ ಮರದ ಮಂಟಪ. ಆಮೇಲೆ ಅಗೆದು ನೋಡಿದಾಗ ಶತಮಾನಗಳ ಹಿಂದಿನ ಅಡಿಪಾಯ ಗಟ್ಟಿಯಾಗಿಯೇ ಇತ್ತು. ಇತ್ತೀಚಿನ ಕಾಲದ ದುರಸ್ತಿಯಲ್ಲಿ ನಡುವಿನ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದು ತನ್ನ ಅಡಿಗಲ್ಲಿಗೆ ಸರಿಯಾಗಿ ಕೂತಿರಲಿಲ್ಲ. ಹಳಬರಿಗೆ ಗೊತ್ತಿದ್ದದ್ದನ್ನು ಹೊಸಬರು ನೋಡದೆ ಬಿಟ್ಟಿದ್ದರು. ಸಿಮೆಂಟ್ ಗನ್ ಹಿಡಿಯುವ ಮೊದಲು ಕಟ್ಟಡ ಹೇಗೆ ನಿಂತಿದೆ ಅಂತ ಅರ್ಥ ಮಾಡಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಕಾನೂನಿನ ನೂರು ಮೀಟರ್

ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು, 2010ರಲ್ಲಿ ತಿದ್ದುಪಡಿಯಾಯಿತು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅಲ್ಲಿಂದ ಮುಂದೆ 200 ಮೀಟರ್ ನಿಯಂತ್ರಿತ ಪ್ರದೇಶ. ಊರಿನ ನಡುವೆಯೇ ಇಷ್ಟು ಗುಡಿಗಳಿದ್ದರೆ ಎಷ್ಟು ಮನೆಗಳು ಈ ವರ್ತುಲಗಳೊಳಗೆ ಬರುತ್ತವೆ ನೋಡಿ. “ಏನೂ ಮುಟ್ಟೂ ಹಂಗಿಲ್ಲಂತ್ರೀ” ಅಂತ ಅಜ್ಜ ಹೇಳಿದ್ದರು. ಹಾಗಾಗಿ ಮಾಳಿಗೆ ಹಾಗೇ ಉಳಿದಿದೆ, ಮೇಲೆ ಮಣ್ಣು ಮಾತ್ರ ಏರುತ್ತಿದೆ.

ಕಾಯ್ದೆಯನ್ನು ನಾವು ತೆಗೆದು ಓದಿದೆವು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, 20ಸಿ ಕಲಮು ಇದಕ್ಕೇ ಇದೆ. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮನೆಯ ನಕ್ಷೆ, ಫೋಟೋ, ಏನು ದುರಸ್ತಿ ಎಂಬ ವಿವರ ಬೇಕು. ಅಜ್ಜನಂಥವರಿಗೆ ಕಷ್ಟವಾಗುವುದು ಈ ಕಾಗದಗಳೇ. ನಮಗೆ ಅದು ಒಂದು ವಾರದ ಬಿಲ್ಡಿಂಗ್ ಡ್ರಾಯಿಂಗ್ ಅಸೈನ್‌ಮೆಂಟ್.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕೂಡ 2017ರಲ್ಲಿ ಪಾರಂಪರಿಕ ತಾಣಗಳಿಗೆಂದೇ ಮಾರ್ಗಸೂಚಿ ಹೊರತಂದಿದೆ. ತಾಣವನ್ನು ಅದರ ಸುತ್ತಲಿನ ಪ್ರದೇಶದ ಜೊತೆಗೇ ನೋಡಬೇಕು ಎಂಬುದು ಅದರ ಹೆಸರಿನಲ್ಲೇ ಇದೆ.

ನಾವೇನು ಮಾಡಬಹುದು?

ಪ್ರಾಜೆಕ್ಟ್ ಟಾಪಿಕ್ ಹುಡುಕುತ್ತಿರುವ ಗೆಳೆಯರೇ, ಇಲ್ಲಿ ಬ್ರಾಂಚಿಗೊಂದು ಇದೆ.

ಸಿವಿಲ್‌ನವರು ಓಣಿಗಳ ಲೆವೆಲ್ ನಕ್ಷೆ ಮಾಡಬಹುದು, ಸ್ಮಾರಕದ ಗಡಿಯ ಹೊರಗಿನ ಮಣ್ಣಿನ ಉಬ್ಬರ ಪರೀಕ್ಷೆ ಮಾಡಬಹುದು, ಮಾಳಿಗೆ ಮನೆಗಳ ಸಮೀಕ್ಷೆ ಮಾಡಬಹುದು. ಎಲೆಕ್ಟ್ರಾನಿಕ್ಸ್‌ನವರು ಬಾವಿಯ ನೀರಿನ ಮಟ್ಟ ಅಳೆಯುವ ಅಗ್ಗದ ಸೆನ್ಸರ್ ಕಟ್ಟಬಹುದು. ಬಿರುಕು ಬೆಳೆಯುತ್ತಿದೆಯೇ ಅಂತ ನೋಡಲು ಅನುಮತಿ ಪಡೆದು ಅಳತೆಪಟ್ಟಿ ಇಟ್ಟು ತಿಂಗಳಿಗೊಂದು ಫೋಟೋ ತೆಗೆದರೂ ಸಾಕು. ಕಂಪ್ಯೂಟರ್ ಸೈನ್ಸ್‌ನವರು ನೂರಾರು ಫೋಟೋಗಳಿಂದ ಶಿಲ್ಪದ ಮೂರು ಆಯಾಮದ ಮಾದರಿ ಮಾಡಿಟ್ಟರೆ, ನಾಳೆ ಕಲ್ಲು ಬಿದ್ದರೂ ಎಲ್ಲಿಯದು ಅಂತ ಹೇಳಬಹುದು. ಎಲ್ಲಕ್ಕೂ ಮೊದಲು ಇಲಾಖೆಯ ಅನುಮತಿ, ಊರವರ ಒಪ್ಪಿಗೆ.

ಒಂದೇ ಒಂದು ಮಾತು: ಬಂದವರೆಲ್ಲ ಗುಡಿ ಅಳೆದು ಹೋಗುತ್ತಾರೆ. ಪಟ್ಟಿಯಲ್ಲಿ ಮಾಳಿಗೆಯನ್ನೂ ಸೇರಿಸಿಕೊಳ್ಳಿ.

ಸಂಜೆ ಬಸ್ಸಿಗೆ ಹೊರಡುವಾಗ ಅಜ್ಜನಿಗೆ ನಮ್ಮ ಫೀಲ್ಡ್ ಬುಕ್ ತೋರಿಸಿದೆವು. ಅವರ ಹೊಸ್ತಿಲಿನ ಮಟ್ಟ, ರಸ್ತೆಯ ಮಟ್ಟ, ಗುಡಿಯ ಕಂಪೌಂಡಿನ ಹೊರಗಿನ ಮಟ್ಟ, ಮೂರೂ ಒಂದೇ ಪುಟದಲ್ಲಿದ್ದವು. “ನಂದೂ ಬರದೀರಲ್ಲ” ಅಂದರು. ಮಾಳಿಗೆ ಮೇಲೆ ಮಣ್ಣು ಎಷ್ಟು ದಪ್ಪ ಇದೆ ಅಂತ ಕೇಳಿದಾಗ ಕೈಯಲ್ಲೇ ಮೊಳಕ್ಕಿಂತ ಹೆಚ್ಚು ತೋರಿಸಿದರು. ಮುಂದಿನ ಸಲ ಬರುವಾಗ ಟೇಪ್ ಹಿಡಿದು ಮೇಲೆ ಹತ್ತುತ್ತೇವೆ ಅಂದೆವು. “ಹುಬ್ಬಿ ಮಳಿಗಿಂತ ಮೊದಲ ಬರ್ರಿ” ಅಂದರು.

ಇಂಟರ್ನಲ್ಸ್ ಮುಗಿದ ಮರು ಭಾನುವಾರ ಹೋಗುವುದೆಂದು ನಿಶ್ಚಯಿಸಿದ್ದೇವೆ. ಜೊತೆಗೆ ಬರುವವರು ಸಂಘದ ಕೋಣೆಯ ಹಲಗೆಯಲ್ಲಿ ಹೆಸರು ಬರೆಯಿರಿ. ಟೇಪ್, ಟೋಪಿ, ನೀರಿನ ಬಾಟಲಿ ತನ್ನಿ.